ಕಂಡಕ್ಟರ್ ಶಾಂತಲಾ ಹೆದರಿದ್ದು

ಕುಣಿಗಲ್ಲಿನಿಂದ ತುಮಕೂರಿಗೆ ಹೋಗುವ ಬೆಳಗಿನ ಸರ್ಕಾರಿ ಬಸ್ಸಿಗೆ ಶಾಂತಲಾ ಕಂಡಕ್ಟರಾಗಿ ಬಂದ ಮೇಲೆ ಅದರಲ್ಲಿ ಗಲಾಟೆ ಕಡಿಮೆಯಾಯಿತೆಂದು ದಿನಾ ಓಡಾಡುವವರು ಹೇಳುತ್ತಿದ್ದರು. ಹೆಂಗಸು ಕಂಡಕ್ಟರೆಂದು ಸದರ ಮಾಡಿಕೊಂಡವರು ಒಂದೇ ಸಲ ಮಾಡಿಕೊಂಡರು, ಎರಡನೇ ಸಲ ಮಾಡಿಕೊಳ್ಳಲಿಲ್ಲ. ಹೆಬ್ಬೂರಿನಲ್ಲಿ ಹತ್ತಿದ ಕುಡುಕನೊಬ್ಬ ಮುಂದಿನ ಸೀಟಿನ ಹುಡುಗಿಯ ಜಡೆ ಹಿಡಿದೆಳೆದಾಗ ಬಸ್ಸಿನಲ್ಲಿದ್ದ ಗಂಡಸರೆಲ್ಲ ಕಿಟಕಿಯಾಚೆ ನೋಡತೊಡಗಿದ್ದರು. ಶಾಂತಲಾ ಟಿಕೆಟ್ ಮಿಷನ್ನನ್ನು ಪಕ್ಕದ ಅಜ್ಜಿಯ ಮಡಿಲಿಗೆ ಹಾಕಿ, ಅವನ ಎರಡೂ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದು ಬಾಗಿಲವರೆಗೂ ನಡೆಸಿಕೊಂಡು ಹೋಗಿ, "ರಾಮಾಂಜಿನಣ್ಣ, ನಿಲ್ಸು" ಎಂದಳು. ಡ್ರೈವರ್ ರಾಮಾಂಜಿನಯ್ಯ ನಿಲ್ಲಿಸಿದ. ಕುಡುಕ ಇಳಿದು ಮಣ್ಣಿನಲ್ಲಿ ಕೂತ.

"ಭಯ ಅನ್ನೋದನ್ನ ದೇವ್ರು ನಿಂಗೆ ಇಟ್ಟೇ ಇಲ್ವೇನಮ್ಮ?" ಎಂದು ರಾಮಾಂಜಿನಯ್ಯ ಕೇಳಿದ್ದಕ್ಕೆ, "ಇಟ್ಟಿರ್ತಾನೆ ಕಣಣ್ಣ, ಎಲ್ಲಿ ಇಟ್ಟವ್ನೋ ಹುಡುಕ್ಬೇಕು" ಎಂದು ನಕ್ಕಿದ್ದಳು.

ಅವಳು ಹುಟ್ಟಿ ಬೆಳೆದದ್ದು ಗುಬ್ಬಿ ತಾಲೂಕಿನ ಕಡಬದಲ್ಲಿ. ಅಪ್ಪ ಕೆಂಪಯ್ಯನಿಗೆ ತೆಂಗಿನ ತೋಟ, ಒಂದಷ್ಟು ರಾಗಿ ಹೊಲ. ಮಗಳು ಮಾತ್ರ ಕೂತಲ್ಲಿ ಕೂರುವ ಜಾಯಮಾನದವಳಲ್ಲ. ಕೆರೆ ತುಂಬಿದ ವರ್ಷ ಹುಡುಗರೊಂದಿಗೆ ಪಂಥ ಕಟ್ಟಿ ತೂಬಿನ ಕಂಬದ ಮೇಲಿಂದ ನೀರಿಗೆ ಹಾರಿದಳು. ಕೆಂಪಯ್ಯ ಹುಣಸೆ ಬರಲು ಹಿಡಿದು ಏರಿಯ ಮೇಲೆ ಕಾಯುತ್ತಿದ್ದುದನ್ನು ಕಂಡು ಇನ್ನೊಮ್ಮೆ ಹಾರಿದಳು. ಹಾರುವ ಮುಂಚಿನ ಕ್ಷಣ ಮೈಯೆಲ್ಲ ಜುಮ್ಮೆನ್ನುತ್ತಿತ್ತಲ್ಲ, ಅದು ಅವಳಿಗೆ ಊಟಕ್ಕಿಂತ ಹೆಚ್ಚು. ಅದು ಸಿಗದ ದಿನ ಮನೆಯಲ್ಲಿ ಸುಮ್ಮಸುಮ್ಮನೆ ಜಗಳ ತೆಗೆಯುತ್ತಿದ್ದಳು. ಹೈಸ್ಕೂಲಿನಲ್ಲಿ ಆಟದ ಮೇಡಂ ಮಹಾಲಕ್ಷ್ಮಮ್ಮ ಇವಳನ್ನು ಕಂಡು ಕಬಡ್ಡಿ ತಂಡಕ್ಕೆ ಸೇರಿಸಿಕೊಂಡರು. ಆ ಹುಡುಗಿಯರ ಜೊತೆ ಬೆಳಿಗ್ಗೆ ಓಟ, ಸಂಜೆ ಆಟ. ಮನೆಗೆ ಬರುವಷ್ಟರಲ್ಲಿ ಮೈಯಲ್ಲಿ ಬೇರೆ ಯಾವ ಉಪದ್ವ್ಯಾಪಕ್ಕೂ ಕಸುವು ಉಳಿದಿರುತ್ತಿರಲಿಲ್ಲ. ಆ ಆಟದಿಂದಲೇ ಮುಂದೆ ಕೆಲಸವೂ ಸಿಕ್ಕಿತು. ತಾನು ಬಿದ್ದದ್ದು ಒಳ್ಳೆಯವರ ಕಣ್ಣಿಗೆ, ಅದಕ್ಕೇ ತಾನು ಬಚಾವಾದೆ ಎಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ತಾನೇ ಗಟ್ಟಿ ಎಂದುಕೊಂಡಿದ್ದಳು.

ಗಂಡ ಹನುಮಂತರಾಜು ಇದಕ್ಕೆ ತದ್ವಿರುದ್ಧ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ರಸ್ತೆ ದಾಟುವಾಗ ಎರಡು ಸಲ ಆಚೆಈಚೆ ನೋಡಿ, ಮೂರನೇ ಸಲವೂ ನೋಡುವ ಮನುಷ್ಯ. ತುಮಕೂರಿನ ಬಟವಾಡಿಯಲ್ಲಿ ಮನೆ. ಒಬ್ಬನೇ ಮಗ ಗಂಗಾಧರ.

ಮಗ ತಾಯಿಯನ್ನೇ ಹೋಲುತ್ತಿದ್ದ. ಆರು ವರ್ಷಕ್ಕೆ ಮಾಳಿಗೆಯ ಮೇಲಿಂದ ಮರಳು ರಾಶಿಗೆ ಹಾರಿ ಕೈ ಮುರಿದುಕೊಂಡ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕಟ್ಟು ಹಾಕುತ್ತಿದ್ದಾಗ ಅಳಲಿಲ್ಲ, "ವಾಸಿ ಆದ್ಮೇಲೆ ಇನ್ನೊಂದ್ಸಲ ಹಾರ್ಲಾಮ್ಮ?" ಎಂದು ಕೇಳಿದ. ಹನುಮಂತರಾಜು ಬಿಳಿಚಿಕೊಂಡು ಗೋಡೆಗೊರಗಿ ನಿಂತಿದ್ದ. ಶಾಂತಲಾ ಆಸ್ಪತ್ರೆಯೆಂಬುದನ್ನೂ ಮರೆತು ನಕ್ಕಳು. "ನನ್ ಮಗ ಕಣ್ರೀ ಇವ್ನು."

"ಅದ್ಕೇ ಹೆದ್ರಿಕೆ ನಂಗೆ" ಎಂದ ಹನುಮಂತರಾಜು.

ಪಿಯುಸಿಗೆ ಸೇರಿದ ಕಾಲೇಜಿನಲ್ಲಿ ಆಟದ ಮೈದಾನವಿರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಪಾಠ, ಪರೀಕ್ಷೆ, ಮತ್ತೆ ಪಾಠ. ಗಂಗಾಧರನ ಕಾಲು ಬೆಂಚಿನ ಕೆಳಗೆ ಸದಾ ಕುಣಿಯುತ್ತಿತ್ತಂತೆ. ಲೆಕ್ಚರರೊಬ್ಬರು ಅದನ್ನೇ ದೂರು ಹೇಳಿ ಕಳಿಸಿದ್ದರು. ರಿಂಗ್ ರೋಡಿನಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸುವ ಹುಡುಗರ ಗುಂಪೊಂದು ಅವನನ್ನು ಕರೆದುಕೊಂಡಿತು. ಒಂದೆರಡು ತಿಂಗಳಲ್ಲಿ ಗುಂಪು ಅವನ ಹಿಂದೆ ಹೋಗತೊಡಗಿತು. ಹುಡುಗರು ಅವನನ್ನು 'ಗ್ಯಾಂಗು' ಎಂದು ಕರೆಯುತ್ತಿದ್ದರು. ಶಾಂತಲಾ ಬೈದಳು, ಮನೆಯ ಬೈಕಿನ ಕೀ ಕಿತ್ತಿಟ್ಟುಕೊಂಡಳು, ಒಳಗೊಳಗೆ ಹುಡುಗು ಬುದ್ಧಿ ಎಂದುಕೊಂಡಳು.

ಎರಡನೇ ಪಿಯುಸಿಯ ದಸರಾ ರಜೆ ಮುಗಿದ ಮೇಲೆ ಒಂದು ಭಾನುವಾರ ಬಟ್ಟೆ ನೆನೆಹಾಕುತ್ತಿದ್ದಳು. ಮಗನ ಪ್ಯಾಂಟಿನ ಜೇಬಿನಲ್ಲಿ ಒಣಗಿ ಸೆಟೆದುಕೊಂಡ ಕರ್ಚೀಫೊಂದು ಸಿಕ್ಕಿತು. ಮೂಗಿಗೆ ಹಿಡಿದಳು. ಪಂಕ್ಚರ್ ಅಂಗಡಿಯ ವಾಸನೆ.

ಆ ವಾಸನೆ ಅವಳಿಗೆ ಹೊಸದಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕರ್ಚೀಫಿಗೆ ಪಂಕ್ಚರ್ ಹಾಕುವ ಸೊಲ್ಯೂಷನ್ ಹಚ್ಚಿ ಅಮಲಿಗೆಂದು ಮೂಗಿಗೆ ಹಿಡಿದು ಕೂತ ಹುಡುಗರನ್ನು ಅವಳು ಹಿಡಿದಿದ್ದಳು. ಒಬ್ಬನ ಕೆನ್ನೆಗೆ ಬಾರಿಸಿಯೂ ಇದ್ದಳು. ಇಳಿಸುವಾಗ, "ನಿಮ್ಮಪ್ಪ ಅಮ್ಮ ಕಣ್ಣು ಎಲ್ಲಿಟ್ಕೊಂಡವ್ರೋ" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ್ದಳು.

ಈಗ ಬಚ್ಚಲ ಕಲ್ಲಿನ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ನಲ್ಲಿಯ ನೀರು ಬಕೆಟ್ಟು ತುಂಬಿ ಹರಿಯುತ್ತಿತ್ತು. ನಿಲ್ಲಿಸಬೇಕೆಂದು ತಿಳಿಯುತ್ತಿತ್ತು, ಕೈ ಚಾಚಲಾಗಲಿಲ್ಲ. ಇದಕ್ಕೇನಾ ಭಯ ಅನ್ನೋದು? ನಲವತ್ತು ದಾಟಿದ ಹೆಂಗಸು ಮೊದಲ ಸಲ ಮೈ ಸೇರಿದ ಕಾಯಿಲೆಯನ್ನು ಗುರುತಿಸುವಂತೆ ಅದನ್ನು ಗುರುತಿಸಿದಳು.

ಗಂಡನಿಗೆ ಹೇಳಲಿಲ್ಲ. ಅವನು ಮೊದಲೇ ಹೆದರುವವನು ಎಂದು ನೆಪ ಮಾಡಿಕೊಂಡಳು. ನಿಜವೆಂದರೆ ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆಂಬ ಅಂಜಿಕೆ. ಮಗ ಮನೆಯೊಳಗೆ ಕಾಲಿಟ್ಟರೆ ಮೂಗು ತಾನಾಗಿ ಅವನ ಕಡೆ ತಿರುಗುತ್ತಿತ್ತು. ಬಚ್ಚಲಲ್ಲಿ ಹೆಚ್ಚು ಹೊತ್ತು ಸದ್ದಿಲ್ಲದಿದ್ದರೆ ಬಾಗಿಲು ತಟ್ಟುತ್ತಿದ್ದಳು. ಡ್ಯೂಟಿಯಲ್ಲಿರುವಾಗ ಫೋನ್ ಹೊಡೆದುಕೊಂಡರೆ ಟಿಕೆಟ್ ಕೊಡುವುದನ್ನು ಅರ್ಧಕ್ಕೇ ಬಿಟ್ಟು ತೆಗೆಯುತ್ತಿದ್ದಳು. ಇಳಿಯಬೇಕಾದ ಊರು ಬಿಟ್ಟು ಮುಂದಿನೂರಿಗೆ ಟಿಕೆಟ್ ಹರಿದುಕೊಟ್ಟಳು. ಸೀಟಿ ಊದುವುದನ್ನು ಮರೆತಳು. "ಮೈಗೆ ಹುಷಾರಿಲ್ವಾ ಶಾಂತಮ್ಮ?" ಎಂದು ರಾಮಾಂಜಿನಯ್ಯ ಕೇಳಿದರೆ ಹೌದೆಂದು ತಲೆಯಾಡಿಸಿದಳು.

ಕೊನೆಗೆ ತಡೆಯಲಾರದೆ, ಗಂಡ ಕೆಲಸಕ್ಕೆ ಹೋದ ಮೇಲೆ, ತಿಂಡಿ ತಿನ್ನುತ್ತಿದ್ದ ಮಗನ ಮುಂದೆ ಕರ್ಚೀಫು ಇಟ್ಟಳು.

"ಏನ್ಲಾ ಇದು?"

"ಕರ್ಚೀಫು."

"ನಾಟ್ಕ ಆಡ್ಬ್ಯಾಡ. ಆ ವಾಸ್ನೆ ಏನಂತ ನಂಗೊತ್ತು."

ಗಂಗಾಧರ ತಟ್ಟೆಯಿಂದ ತಲೆಯೆತ್ತಿ ನೇರ ಅವಳ ಕಣ್ಣನ್ನೇ ನೋಡಿದ. "ಅದು ನಂದಲ್ಲ ಕಣಮ್ಮ, ಸೋಮುದು. ಕ್ಲಾಸಲ್ಲಿ ಸಿಕ್ಕಾಕ್ಕೊಳ್ತಿದ್ದ. ನಾನೇ ಇಸ್ಕೊಂಡು ಜೇಬಿಗೆ ಹಾಕ್ಕೊಂಡೆ."

ಶಾಂತಲಾಗೆ ಅಳು ಬರುವಷ್ಟು ಹಗುರವಾಯಿತು. ನಂಬಿದಳು. ನಂಬಬೇಕಾಗಿತ್ತು.

ಸೋಮು, ಅಂದರೆ ಸೋಮೇಶ, ಕುಣಿಗಲ್ಲಿನ ಹುಡುಗ. ಅವಳ ಬಸ್ಸಿನಲ್ಲೇ ದಿನವೂ ತುಮಕೂರಿಗೆ ಬರುತ್ತಿದ್ದ. ಯಾರಾದರೂ ಜೋರಾಗಿ ಮಾತಾಡಿದರೂ ಬೆಚ್ಚುವ, ಕಂಡಕ್ಟರ್ ಕಂಡರೆ ತಪ್ಪು ಮಾಡಿದವನಂತೆ ಎದ್ದು ನಿಲ್ಲುವ ಸಣಕಲು ಹುಡುಗ. ಇತ್ತೀಚೆಗೆ ಒಂದು ವಾರದಿಂದ ಬಸ್ಸಿನಲ್ಲಿ ಕಂಡಿರಲಿಲ್ಲ. ಮೆತ್ತಗಿರುವವರೇ ಮಾಡುವುದು ಇಂಥದ್ದೆಲ್ಲ ಎಂದುಕೊಂಡಳು. ಮನೆಯವರಿಗೆ ಗೊತ್ತಿರಲಿಕ್ಕಿಲ್ಲ. ಹೋಗಿ ಮುಖದ ಮೇಲೆ ಹೇಳಬೇಕು: ನಿಮ್ಮ ಮಗನನ್ನು ನನ್ನ ಮಗನಿಂದ ದೂರ ಇಡಿ. ವಾರದ ರಜೆಯ ದಿನ ಅದೇ ಕೆಲಸಕ್ಕೆ ಕುಣಿಗಲ್ಲಿಗೆ ಹೊರಟಳು.

ಮನೆ ಕೆರೆಯ ಕಡೆಯ ಬೀದಿಯಲ್ಲಿತ್ತು. ಸೋಮುವಿನ ತಾಯಿ ಸುಧಾ ಹೊಲಿಗೆ ಮಿಷನ್ನಿನ ಮುಂದಿಂದ ಎದ್ದು ಬಂದಳು. ಗಂಡ ಲಾರಿ ಡ್ರೈವರು, ಊರೂರು ತಿರುಗುವವನು. ಬ್ಲೌಸಿನ ತುಂಡುಗಳನ್ನು ಸರಿಸಿ ಕುರ್ಚಿ ಖಾಲಿ ಮಾಡುತ್ತ, ಬಂದವಳು ಯಾರೆಂದು ತಿಳಿದೊಡನೆ ಅವಳ ಮುಖ ಅರಳಿತು.

"ಗಂಗಾಧರನ ಅಮ್ಮನಾ ನೀವು? ಕೂತ್ಕಳಿ ಅಕ್ಕ, ಕೂತ್ಕಳಿ. ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಅನ್ಕೊಂಡಿದ್ದೆ ಗೊತ್ತಾ? ನಿಮ್ಮ ಮಗ ಇಲ್ದಿದ್ರೆ ನಮ್ಮ ಸೋಮು ಕಾಲೇಜು ಬಿಟ್ಟೇಬಿಡ್ತಿದ್ದ. ಮೊದಲ್ನೇ ವರ್ಷ ದಿನಾ ಅಳೋನು. ಕ್ಲಾಸಲ್ಲಿ ಎದ್ದು ನಿಂತ್ರೆ ಬಾಯೇ ಬರಲ್ಲ ಅಮ್ಮ, ಎಲ್ಲಾ ನಗ್ತಾರೆ ಅನ್ನೋನು. ಆಮೇಲೆ ನಿಮ್ಮ ಹುಡುಗ ಜೊತೆಗೆ ಸೇರಿಸ್ಕೊಂಡ ನೋಡಿ, ಮಾತಾಡಕ್ಕೇ ಶುರು ಮಾಡ್ಬುಟ್ಟ."

ಹೇಳಬೇಕೆಂದು ತಂದ ಮಾತನ್ನು ಶಾಂತಲಾ ಸದ್ಯಕ್ಕೆ ಬದಿಗಿಟ್ಟಳು. "ಸೋಮು ಎಲ್ಲಿ?" ಎಂದಳು.

"ಒಳಗವ್ನೆ. ಒಂದು ವಾರದಿಂದ ಜ್ವರ ಅಂತಾನೆ, ಮೈ ಮುಟ್ಟಿದ್ರೆ ಜ್ವರ ಇಲ್ಲ. ಕೈ ನಡುಗ್ತದೆ, ಊಟ ಸೇರಲ್ಲ. ಮಾತಾಡ್ಸಿ ನೀವು. ಕಾಫಿ ಮಾಡ್ತೀನಿ."

ಒಳಕೋಣೆಯಲ್ಲಿ ಕಿಟಕಿ ಹಾಕಿತ್ತು. ಮಂಚದ ಮೂಲೆಯಲ್ಲಿ ಮುದುಡಿ ಕೂತಿದ್ದ ಹುಡುಗ ಅವಳನ್ನು ಕಂಡು ಏಳಲು ಹೋಗಿ ಗೋಡೆ ಹಿಡಿದುಕೊಂಡ. ಮೂಗಿನ ಕೆಳಗೆ ಚರ್ಮ ಕೆಂಪಗೆ ಸುಲಿದಿತ್ತು. ಶಾಂತಲಾ ಬಾಗಿಲು ಮುಂದೆ ಮಾಡಿ ಅವನ ಪಕ್ಕ ಕೂತಳು. ಬೈಯಬೇಕೆಂದು ಬಂದಿದ್ದವಳ ದನಿ ತಾನಾಗಿಯೇ ಇಳಿದಿತ್ತು.

"ನಿಜ ಹೇಳಪ್ಪ. ಇದನ್ನ ಯಾರು ಶುರು ಮಾಡಿದ್ದು?"

ಸೋಮು ಅಡುಗೆಮನೆಯ ಕಡೆ ನೋಡಿದ. "ಅಮ್ಮಂಗೆ ಹೇಳ್ಬೇಡಿ ಆಂಟಿ."

"ಹೇಳು."

"ಸೆಮಿನಾರ್ ಇತ್ತು ಆಂಟಿ. ಎಲ್ರ ಮುಂದೆ ನಿಂತ್ಕೊಂಡು ಮಾತಾಡ್ಬೇಕು. ಬೆಳಿಗ್ಗೆಯಿಂದ ವಾಂತಿ ಬರ್ತಿತ್ತು. ಗ್ಯಾಂಗು ಕರ್ಕೊಂಡು ಹೋಗಿ ಕೊಟ್ಟ. ಇದು ತಗೋ, ಭಯ ಗಿಯ ಎಲ್ಲಾ ಎಗರೋಗ್ತದೆ ಅಂದ." ಹುಡುಗ ಉಸಿರು ತೆಗೆದುಕೊಂಡ. "ನಿಜವಾಗ್ಲೂ ಹೋಯ್ತು ಆಂಟಿ. ಫಸ್ಟ್ ಟೈಮು ನಂಗೆ ಯಾರ್ನ ಕಂಡ್ರೂ ಹೆದ್ರಿಕೆ ಆಗ್ಲಿಲ್ಲ. ಅವ್ನು ನಂಗೆ ಒಳ್ಳೇದೇ ಮಾಡ್ಬೇಕು ಅಂತಿದ್ದ. ಅವನ್ನ ಬೈಬೇಡಿ."

"ಅವ್ನೂ ತಗೊಳ್ತಾನಾ?"

"ಅವ್ನು ಮಜಾಗೆ ತಗೊಳ್ತಿದ್ದ. ಸಾಕನ್ನಿಸ್ದಾಗ ಬಿಟ್ಬಿಟ್ಟ. ನಂಗೆ ಬಿಡಕ್ಕೆ ಆಗ್ತಿಲ್ಲ ಆಂಟಿ. ಬಿಟ್ರೆ ಮೊದಲಿನ್ಕಿಂತ ಜಾಸ್ತಿ ಭಯ ಬರ್ತದೆ. ಬಾಗಿಲು ಸದ್ದಾದ್ರೂ ಭಯ."

ಊರಿನ ತಾಯಂದಿರೆಲ್ಲ ಮಕ್ಕಳಿಗೆ ಯಾರ ಸಹವಾಸ ಮಾಡಬೇಡವೆಂದು ಹೇಳುತ್ತಾರೋ, ಆ ಯಾರೋ ಒಬ್ಬ ತನ್ನ ಮಗ. ಆರು ವರ್ಷದವನ ಕೈಕಟ್ಟು, ತನ್ನ ನಗು, 'ನನ್ ಮಗ ಕಣ್ರೀ' ಎಂದ ಮಾತು ಎಲ್ಲ ಒಟ್ಟಿಗೆ ಬಂದು ಶಾಂತಲಾಳನ್ನು ಅದುಮಿದವು.

ಸುಧಾ ಕಾಫಿ ತಂದಳು. "ಏನಂತಾನೆ ಅಕ್ಕ?" ಎಂದು ಆಸೆಯಿಂದ ಕೇಳಿದಳು.

ಈಗ ಹೇಳಬೇಕಿತ್ತು. ಶಾಂತಲಾ ಬಾಯಿ ತೆರೆದಳು. ಎದುರಿಗಿದ್ದ ಆ ನಂಬಿಕೆಯ ಮುಖ ನೋಡಿದಳು. ಹೇಳಿದರೆ ಇವಳು ಕಾಲೇಜಿಗೆ ಹೋಗುತ್ತಾಳೆ, ಪೊಲೀಸರಿಗೆ ಹೋಗಬಹುದು, ನನ್ನ ಮಗನ ಗತಿ? "ಸುಸ್ತು ಅಷ್ಟೇ" ಎಂದಳು. "ಒಳ್ಳೇ ಡಾಕ್ಟ್ರಿಗೆ ತೋರ್ಸಿ." ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದಳು. ಸುಧಾ ಬೀದಿ ತಿರುವಿನವರೆಗೂ ಬಂದು ಕಳಿಸಿಕೊಟ್ಟಳು.

ಅಂದು ಸಂಜೆ ಮಗನನ್ನು ಹಿಡಿದು ಕೂರಿಸಿದಳು. ಅವನು ಈ ಸಲ ಸುಳ್ಳು ಹೇಳಲಿಲ್ಲ.

"ಟ್ರೈ ಮಾಡಿದ್ವಿ ಕಣಮ್ಮ. ನಾನು ಬಿಟ್ಟು ಎಷ್ಟೋ ದಿನ ಆಯ್ತು. ಬೋರಾಯ್ತು. ಅವ್ನು ಬಿಟ್ಟಿಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಸುಮ್ಮನೆ ಅರ್ಥವಾಗದ ಬೆರಗಿತ್ತು: ತಾನು ಅಷ್ಟು ಸುಲಭವಾಗಿ ಬಿಟ್ಟದ್ದನ್ನು ಇನ್ನೊಬ್ಬನಿಗೆ ಯಾಕೆ ಬಿಡಲಾಗುವುದಿಲ್ಲ? ಶಾಂತಲಾಗೆ ಚುಚ್ಚಿದ್ದು 'ಬೋರಾಯ್ತು' ಎಂಬ ಮಾತು. ಆ ಮಾತು ಅವಳಿಗೆ ಚೆನ್ನಾಗಿ ಗೊತ್ತು. ಒಂದು ಬೋರಾದರೆ ಮೈ ಇನ್ನೊಂದನ್ನು ಹುಡುಕುತ್ತದೆ.

"ಈಗ ಯಾವ್ದು ಬೋರಾಗಿಲ್ಲ ನಿಂಗೆ?" ಎಂದಳು.

ಗಂಗಾಧರ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಆಮೇಲಿನ ದಿನಗಳಲ್ಲಿ ಅವಳು ಸುಧಾಳಿಗೆ ಫೋನ್ ಮಾಡಲು ಎಷ್ಟೋ ಸಲ ಹೊರಟು ನಿಲ್ಲಿಸಿದಳು. ಕುಡುಕರ ಕೈ ತಿರುಚುವವಳಿಗೆ ಒಬ್ಬ ಹೆಂಗಸಿಗೆ ಒಂದು ಮಾತು ಹೇಳಲು ಧೈರ್ಯ ಸಾಲಲಿಲ್ಲ. ನಾಳೆ ಎಂದುಕೊಂಡಳು. ನಾಳೆಯೂ ನಾಳೆ ಎಂದುಕೊಂಡಳು.

ಹಾಗಿರುವಾಗ ಒಂದು ಬೆಳಿಗ್ಗೆ ಕುಣಿಗಲ್ ಸ್ಟ್ಯಾಂಡಿನಲ್ಲಿ ಸೋಮು ಬಸ್ಸು ಹತ್ತಿದ. ಅಂದು ಕಾಲೇಜಿನಲ್ಲೇ ನಡೆಸುವ ಪ್ರಾಕ್ಟಿಕಲ್ ಟೆಸ್ಟ್. ಹುಡುಗ ತಲೆ ಬಾಚಿ ಯೂನಿಫಾರಂ ಹಾಕಿದ್ದ. ನಗಲು ಪ್ರಯತ್ನಪಟ್ಟು ಹಿಂದಿನ ಸೀಟಿಗೆ ಹೋದ. ಬಸ್ಸು ತುಂಬಿತ್ತು. ಆಧಾರ್ ಕಾರ್ಡ್ ತೋರಿಸಿ ಉಚಿತ ಟಿಕೆಟ್ ಕೇಳುವ ಹೆಂಗಸರ ನಡುವೆ ಶಾಂತಲಾ ಮುಂದಿನಿಂದ ಟಿಕೆಟ್ ಕೊಡುತ್ತ ಬಂದಳು. ಕಣ್ಣು ಮಾತ್ರ ಮತ್ತೆಮತ್ತೆ ಹಿಂದಕ್ಕೆ ಹೋಗುತ್ತಿತ್ತು. ನಿಂತವರ ಬೆನ್ನುಗಳ ಆಚೆ ಅವನು ಕಾಣುತ್ತಿರಲಿಲ್ಲ. ಬಸ್ಸಿನ ಅರ್ಧಕ್ಕೆ ಬರುವಷ್ಟರಲ್ಲಿ ವಾಸನೆ ಬಂತು.

ಪಂಕ್ಚರ್ ಅಂಗಡಿಯ ವಾಸನೆ. ಶಾಂತಲಾ ಜನರನ್ನು ದೂಡಿಕೊಂಡು ಹಿಂದಕ್ಕೆ ನುಗ್ಗಿದಳು. ಅಷ್ಟರಲ್ಲಿ ಯಾರೋ, "ಅಯ್ಯೋ, ಈ ಹುಡ್ಗ ಬಿದ್ದೋದ!" ಎಂದು ಕೂಗಿದರು.

ಸೋಮು ಸೀಟಿನ ಸಂದಿಯಲ್ಲಿ ಜಾರಿ ಬಿದ್ದಿದ್ದ. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ತುಟಿ ನೇರಳೆ. ಕರ್ಚೀಫು ಮುಷ್ಟಿಯೊಳಗೇ ಇತ್ತು. ಉಸಿರು ಒಂದು ಬಂದು ಮುಂದಿನದು ಬರಲೋ ಬೇಡವೋ ಎಂಬಂತೆ ತಡೆಯುತ್ತಿತ್ತು.

"ರಾಮಾಂಜಿನಣ್ಣ, ಎಲ್ಲೂ ನಿಲ್ಸಬ್ಯಾಡ! ಸೀದಾ ಜಿಲ್ಲಾಸ್ಪತ್ರೆಗೆ ಹೊಡಿ!"

ಅವಳ ದನಿ ಕೇಳಿದ್ದೇ ರಾಮಾಂಜಿನಯ್ಯ ವೇಗ ಹೆಚ್ಚಿಸಿದ. ಹಾರ್ನ್ ಒತ್ತಿ ಹಿಡಿದ. ಕಿಟಕಿಗಳನ್ನೆಲ್ಲ ತೆಗೆಸಿದಳು, ಕರ್ಚೀಫು ಕಿತ್ತೆಸೆದಳು, ಹುಡುಗನನ್ನು ಪಕ್ಕಕ್ಕೆ ಹೊರಳಿಸಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ನೆಲದ ಮೇಲೆ ಕೂತಳು. ಹಾದಿಯ ಸ್ಟಾಪುಗಳಲ್ಲಿ ಕೈ ಅಡ್ಡ ಹಿಡಿದವರು ಬೈಯುತ್ತ ಹಿಂದುಳಿದರು. "ಉಸಿರಾಡಪ್ಪ, ಉಸಿರಾಡೋ ಕಂದ" ಎಂದು ಅವಳು ಹೇಳುತ್ತಲೇ ಇದ್ದಳು. ಒಂದೊಂದು ಸಲ ಉಸಿರು ತಡವಾದಾಗ ತನ್ನದೂ ನಿಂತುಹೋಗುತ್ತಿತ್ತು. ಆ ತೊಡೆಯ ಮೇಲಿನ ಮುಖ ಒಮ್ಮೆ ಸೋಮುವಿನದು, ಒಮ್ಮೆ ಗಂಗಾಧರನದು. ಹೇಳಿದ್ದರೆ? ಅವತ್ತೇ ಹೇಳಿದ್ದರೆ?

ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಒಳಗೆ ಕರೆದೊಯ್ದರು. ಆ ಸೊಲ್ಯೂಷನ್ನಿನ ಆವಿಗೆ ಎದೆಬಡಿತವೇ ದಾರಿ ತಪ್ಪಿದೆ, ಈಗಲೇ ಏನೂ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಶಾಂತಲಾ ಸುಧಾಳಿಗೆ ಫೋನ್ ಮಾಡಿಸಿದಳು. ಆಮೇಲೆ ಗಂಡನಿಗೆ ತಾನೇ ಮಾಡಿದಳು. ಕರ್ಚೀಫಿನಿಂದ ಹಿಡಿದು ಕಾಫಿಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಗಂಗನ್ನ ಕರ್ಕೊಂಡು ಬರ್ತೀನಿ" ಎಂದ ಹನುಮಂತರಾಜು.

ಸುಧಾ ಬಂದಾಗ ಅವಳ ಸೀರೆಯ ಭುಜಕ್ಕೆ ಇನ್ನೂ ಸೂಜಿ ದಾರ ಸಿಕ್ಕಿಕೊಂಡಿತ್ತು. "ನೀವೇ ಕರ್ಕೊಂಡು ಬಂದ್ರಂತೆ ಅಕ್ಕ, ದೇವ್ರಂಗೆ ಬಂದ್ರಿ" ಎಂದು ಕೈ ಹಿಡಿದುಕೊಂಡಳು. ಆ ಕೈಯನ್ನು ಬಿಡಿಸಿಕೊಳ್ಳದೆಯೇ ಶಾಂತಲಾ ಹೇಳಿದಳು.

"ದೇವ್ರು ಅನ್ಬೇಡಿ. ಸೋಮುಗೆ ಆ ಸೊಲ್ಯೂಷನ್ ಕೊಟ್ಟಿದ್ದು ನನ್ ಮಗ. ನಂಗೆ ಅವತ್ತೇ ಗೊತ್ತಾಗಿತ್ತು. ನಿಮ್ಮ ಮನೇಲಿ ಕೂತಿದ್ದಾಗ."

ಸುಧಾ ಕೂಗಾಡಲಿಲ್ಲ. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಹೋಗಿ ಬೇರೆ ಬೆಂಚಿನ ಮೇಲೆ, ಬಾಗಿಲಿಗೆ ಮುಖ ಮಾಡಿ ಕೂತಳು. ಹೊಡೆದಿದ್ದರೂ ಶಾಂತಲಾ ತಡೆದುಕೊಳ್ಳುತ್ತಿದ್ದಳು.

ಗಂಗಾಧರ ಅಪ್ಪನ ಹಿಂದೆ ಬಂದ. ಗಾಜಿನ ಕಿಂಡಿಯಲ್ಲಿ ಗೆಳೆಯನನ್ನು ನೋಡಿದ. ಮೂಗಿಗೆ, ಬಾಯಿಗೆ ನಳಿಗೆ; ಎದೆಗೆ ಅಂಟಿಸಿದ ವೈರುಗಳು. ಗೋಡೆಗೆ ಬೆನ್ನು ಜಾರಿಸಿ ಕುಕ್ಕುರುಗಾಲಿನಲ್ಲಿ ಕೂತವನು, "ಅಮ್ಮ, ನಾನು ಹಿಂಗಾಗ್ಲಿ ಅಂತ ಕೊಡ್ಲಿಲ್ಲ ಕಣಮ್ಮ" ಎಂದ. ಅಪ್ಪನ ಕೈಗೆ ತನ್ನ ಜೇಬಿನಿಂದ ಮಾತ್ರೆಯ ಪಟ್ಟಿಯೊಂದನ್ನು ತೆಗೆದುಕೊಟ್ಟ. ನೋವಿನ ಮಾತ್ರೆ, ಬೈಕಿನ ಹುಡುಗರು ಅಮಲಿಗೆ ನುಂಗುವುದು. ಸೊಲ್ಯೂಷನ್ ಬೋರಾದ ಮೇಲಿನದು ಅದು.

ಹನುಮಂತರಾಜು ಅದನ್ನು ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡ. ಶಾಂತಲಾ ಅವನ ಮುಖ ನೋಡಿದಳು. ರಸ್ತೆ ದಾಟಲು ಅಂಜುವ ಆ ಮನುಷ್ಯನ ಕೈ ನಡುಗುತ್ತಿರಲಿಲ್ಲ.

"ನಿಮ್ಗೆ ಭಯ ಆಗ್ತಿಲ್ವೇನ್ರೀ?"

"ಆಗ್ತದೆ. ನಂಗೆ ದಿನಾ ಆಗ್ತಿತ್ತಲ್ಲ ಶಾಂತಾ. ಭಯ ಆದಾಗ ಮಾಡೋ ಕೆಲ್ಸ ಮಾಡ್ತಾ ಇರೋದು, ಅಷ್ಟೇ. ನೀನು ಹೊಸಬಳು" ಎಂದ. ಹೇಳಿ ಮಗನ ಪಕ್ಕ ನೆಲದ ಮೇಲೆ ಕೂತುಕೊಂಡ.

ಸೋಮು ಉಳಿದ. ಮೂರನೆಯ ದಿನ ಕಣ್ಣು ಬಿಟ್ಟ. ಆಸ್ಪತ್ರೆಯ ಮನೋವೈದ್ಯರ ವಿಭಾಗದಲ್ಲಿ ರೂಪಶ್ರೀ ಎಂಬ ಆಪ್ತಸಮಾಲೋಚಕಿ ಇಬ್ಬರು ಹುಡುಗರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡಿದಳು. ಶಾಂತಲಾ ಮೊದಲು ಕೇಳಿದ್ದು ಇದನ್ನೇ: "ನನ್ನಿಂದ ಬಂತಾ ಮೇಡಂ ಅವ್ನಿಗೆ ಈ ಬುದ್ಧಿ?"

"ಸುಮ್ನೆ ಕೂರಕ್ಕಾಗ್ದೇ ಇರೋ ಸ್ವಭಾವ ನಿಮ್ಮಿಂದ ಬಂದಿರ್ಬೋದು. ಅದು ಕಾಯ್ಲೆ ಅಲ್ಲ" ಎಂದಳು ರೂಪಶ್ರೀ. "ನಿಮ್ಗೆ ಆ ವಯಸ್ಸಲ್ಲಿ ಯಾರ್ ಸಿಕ್ಕಿದ್ರು, ಇವ್ನಿಗೆ ಯಾರ್ ಸಿಕ್ಕಿದ್ರು ನೋಡಿ. ಇನ್ನು ಆ ಹುಡುಗನ ಕಷ್ಟ ಬೇರೆ. ಅವನಿಗೆ ಮಜಾ ಬೇಕಿರ್ಲಿಲ್ಲ, ಭಯ ಹೋಗ್ಬೇಕಿತ್ತು. ಅದ್ಕೇ ಅವ್ನಿಗೆ ಬಿಡೋದು ಜಾಸ್ತಿ ಕಷ್ಟ."

"ನನ್ ಮಗ ಮತ್ತೆ ಶುರು ಮಾಡಲ್ಲ ಅಂತ ಹೇಳ್ತೀರಾ?"

ರೂಪಶ್ರೀ ಹಾಗೆ ಹೇಳಲಿಲ್ಲ.

ಮಾಡಲೂ ಮಾಡಿದ. ಸಂಕ್ರಾಂತಿಯ ಮುಂಚೆ ಬೈಕಿನ ಹುಡುಗರು ಬಂದು ಕರೆದಾಗ ಗಂಗಾಧರ ಹೋದ, ಮಾತ್ರೆ ನುಂಗಿ ಬಂದ, ತಾನೇ ಬಂದು ಅಪ್ಪನಿಗೆ ಹೇಳಿದ. ಮತ್ತೆ ಆಸ್ಪತ್ರೆ. ಈ ಸಲ ಶಾಂತಲಾ ಚೇಳೂರಿನಲ್ಲಿ ತೋಟ ಮಾಡಿಕೊಂಡಿದ್ದ ತನ್ನಣ್ಣ ರಂಗಣ್ಣನನ್ನು ಕರೆಸಿ ಮಗನನ್ನು ಒಂದಷ್ಟು ದಿನ ಅವನ ಜೊತೆ ಕಳಿಸಿದಳು. ರಂಗಣ್ಣ ಅವನಿಗೆ ಉಪದೇಶ ಮಾಡಲಿಲ್ಲ. ಕಾಲಿಗೆ ಹತ್ತುವ ಮಿಷನ್ ಕಟ್ಟಿಕೊಂಡು ತೆಂಗಿನ ಮರ ಹತ್ತುವ ಹುಡುಗರ ತಂಡಕ್ಕೆ ಸೇರಿಸಿದ. ಗಂಗಾಧರ ಒಂದು ವಾರದಲ್ಲಿ ಅವರೆಲ್ಲರಿಗಿಂತ ಬೇಗ ಹತ್ತತೊಡಗಿದ. ನೋಡಲು ಹೋದ ಶಾಂತಲಾ ಕೆಳಗೆ ನಿಂತು ಕತ್ತೆತ್ತಲಾರದೆ ನೆಲವನ್ನೇ ನೋಡುತ್ತಿದ್ದಳು. "ಇದಾದ್ರೆ ಬೀಳೋ ಭಯ ಒಂದೇ ಕಣವ್ವ" ಎಂದ ರಂಗಣ್ಣ.

ಸೋಮು ಆ ವರ್ಷ ವಾರ್ಷಿಕ ಪರೀಕ್ಷೆಗೆ ಕೂರಲಿಲ್ಲ. ಭಯಕ್ಕೆ ಸರಿಯಾದ ಔಷಧಿ ಕೊಟ್ಟರು, ವಾರವಾರ ಮಾತಾಡಿಸಿದರು. ಬೇಸಿಗೆಯ ಹೊತ್ತಿಗೆ ಕೈ ನಡುಕ ನಿಂತಿತೆಂದೂ ಕುಣಿಗಲ್ಲಿನಲ್ಲೇ ಐಟಿಐ ಸೇರುತ್ತಾನೆಂದೂ ರಾಮಾಂಜಿನಯ್ಯ ಯಾರಿಂದಲೋ ಕೇಳಿ ಬಂದು ಹೇಳಿದ. ಸುಧಾ ಶಾಂತಲಾಳ ಫೋನ್ ತೆಗೆಯುತ್ತಿರಲಿಲ್ಲ.

ಜೂನಿನಲ್ಲಿ ಗಂಗಾಧರನೇ, "ಸೋಮು ಮನೆಗೆ ಹೋಗ್ಬೇಕು ಕಣಮ್ಮ" ಎಂದ. ಇಬ್ಬರೂ ಹೋದರು. ಗೇಟಿನ ಬಳಿ ಬಂದ ಸುಧಾ ಇಬ್ಬರನ್ನೂ ನೋಡಿದಳು. ಆಮೇಲೆ ಗೇಟನ್ನು ಅರ್ಧ ತೆಗೆದಳು.

"ಅವ್ನು ಬರ್ಲಿ. ನೀವು ಬೇಡ. ಅವ್ನು ಹುಡುಗ, ತಿಳೀದೆ ಮಾಡ್ದ. ನೀವು ತಿಳಿದೂ ಕಾಫಿ ಕುಡಿದು ಹೋದ್ರಿ."

ಶಾಂತಲಾ ತಲೆಯಾಡಿಸಿ ಬೀದಿಯಾಚೆಯ ಬೇವಿನ ಮರದ ಕೆಳಗೆ ಹೋಗಿ ನಿಂತಳು. ಒಳಗಿನಿಂದ ಏನೂ ಕೇಳಿಸಲಿಲ್ಲ. ಅಲ್ಲಿ ನಿಂತಷ್ಟು ಹೊತ್ತು, ಇವನು ಇನ್ನೇನಾದರೂ ಕೆಡಿಸಿಬಿಟ್ಟರೆ ಎಂಬ ಅಂಜಿಕೆ ಬಿಡಲಿಲ್ಲ. ಗಂಗಾಧರ ಬೇಗನೆ ಹೊರಬಂದ. ಮುಖ ಬಾಡಿತ್ತು.

ಬಸ್ಸಿನಲ್ಲಿ ಪಕ್ಕಪಕ್ಕ ಕೂತರು. ಬಸ್ಸು ಹೆಬ್ಬೂರು ದಾಟಿತು.

"ಬೈದ್ನಾ?" ಎಂದಳು.

"ಇಲ್ಲ. ಚೆನ್ನಾಗೇ ಮಾತಾಡ್ದ. ಆದ್ರೆ ನಾನು ಒಳಗೆ ಹೋದ ತಕ್ಷಣ ಅವ್ನ ಕೈ ನಡುಗಕ್ಕೆ ಶುರುವಾಯ್ತಮ್ಮ. ಬಚ್ಚಿಟ್ಕೊಳಕ್ಕೆ ಕೈನ ತೊಡೆ ಕೆಳಗೆ ಹಾಕ್ಕೊಂಡ. ನನ್ ನೋಡಿ ಹೆದ್ರಿಕೊಂಡ."

ಶಾಂತಲಾಳ ಬಾಯಿಗೆ ಸಮಾಧಾನದ ಮಾತು ಬಂದಿತ್ತು, ಅದನ್ನು ಬಿಟ್ಟಳು. "ನಂಗೂ ಆಗ್ತದೆ ಕಣೋ ಹೆದ್ರಿಕೆ. ನೀನು ಒಂದು ಹತ್ತು ನಿಮಿಷ ಲೇಟಾಗಿ ಬಂದ್ರೂ" ಎಂದಳು.

"ಗೊತ್ತು. ಬಾಗಿಲು ತಟ್ತೀಯಲ್ಲ."

"ಇನ್ಮೇಲೂ ತಟ್ತೀನಿ."

"ತಟ್ಟು" ಎಂದ ಅವನು.